ಎಂಬತ್ತನಾಲ್ಕು ಕಿಲೋಮೀಟರಿನ ಡೀಸೆಲ್

ಆ ಸೋಮವಾರವೂ ಐದು ಗಂಟೆಗೆ ಎದ್ದು ಹಾಲಿನ ಪ್ಯಾಕೆಟ್ ಕತ್ತರಿಸಿದೆ. ಮೂಲೆಯ ಚೂರು ಪ್ಯಾಕೆಟ್ಟಿಗೇ ಅಂಟಿಕೊಂಡಿರುವಂತೆ ಕತ್ತರಿಸುವುದು ನನ್ನ ಅಭ್ಯಾಸ. ಬಿಡಿಯಾಗಿ ಬಿದ್ದರೆ ಅದು ಸಿಂಕಿನ ಜಾಲರಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಇನ್ನು ಆ ಸಿಂಕು ನಮ್ಮದಲ್ಲ ಎಂಬುದು ಕತ್ತರಿ ಕೆಳಗಿಡುವಾಗ ನೆನಪಾಯಿತು. ಅಡುಗೆಮನೆಯಲ್ಲಿ ಉಳಿದದ್ದು ಒಲೆ, ಕಾಫಿ ಫಿಲ್ಟರು, ಮೂರು ಲೋಟ, ಅಷ್ಟೆ. ಮಿಕ್ಕದ್ದೆಲ್ಲ ನಡುಮನೆಯಲ್ಲಿ ರಟ್ಟಿನ ಪೆಟ್ಟಿಗೆಗಳೊಳಗೆ ಸೇರಿತ್ತು. ಒಂದೊಂದು ಪೆಟ್ಟಿಗೆಯ ಮೇಲೂ ನನ್ನ ಕೈಬರಹದ ನಂಬರು. ಅತ್ತೆ ಸ್ನಾನ ಮುಗಿಸಿ, ಇನ್ನೂ ಕಟ್ಟದೆ ಬಿಟ್ಟಿದ್ದ ದೇವರ ದೀಪಕ್ಕೆ ಎಣ್ಣೆ ಹಾಕುತ್ತಿದ್ದರು.

ಪಕ್ಕದ ಮನೆಯಾಕೆಯ ಅಡುಗೆಮನೆ ಕಿಟಕಿ ಎಂದಿನಂತೆ ತೆರೆದುಕೊಂಡಿತು. ಆ ಕಿಟಕಿಗೂ ನಮ್ಮ ಗೇಟಿಗೂ ನಡುವೆ ಹತ್ತಡಿಯೂ ಇಲ್ಲ.

"ಕಾಫಿ ಆಯ್ತೇನ್ರೀ?"

"ಇಳೀತಾ ಇದೆ ಕಣ್ರೀ."

ಹದಿನಾರು ವರ್ಷ ನಾವಿಬ್ಬರೂ ದಿನ ಶುರುಮಾಡಿದ್ದು ಈ ಎರಡು ಮಾತಿನಿಂದ. ಅಂದು ಅವರು ಅಷ್ಟಕ್ಕೇ ನಿಲ್ಲಿಸದೆ, "ತಿಂಡಿ ಮಾಡೋಕ್ ಹೋಗ್ಬೇಡಿ, ಉಪ್ಪಿಟ್ ಕಳಿಸ್ತೀನಿ" ಎಂದರು.

ನನ್ನ ಯಜಮಾನರಿಗೆ ಕುಣಿಗಲ್ಲಿಗೆ ವರ್ಗವಾಗಿ, ಅವರು ತಿಂಗಳ ಹಿಂದೆಯೇ ಹೋಗಿ ಕೆಲಸಕ್ಕೆ ಸೇರಿದ್ದರು. ಅಂದು ಕಚೇರಿಯಲ್ಲಿ ತಪಾಸಣೆ, ರಜೆ ಸಿಗಲಿಲ್ಲ. ತುಮಕೂರಿನ ಮನೆ ಖಾಲಿ ಮಾಡಿ, ಗುಬ್ಬಿಯಲ್ಲಿ ಅತ್ತೆಯ ತಮ್ಮನ ಮನೆಯಲ್ಲಿದ್ದ ನಮ್ಮ ಒರಳುಕಲ್ಲು, ಹಲಸಿನ ಮರದ ಪೆಟ್ಟಿಗೆಗಳನ್ನೂ ಏರಿಸಿಕೊಂಡು ಕುಣಿಗಲ್ ಸೇರಿಸುವುದು ನನ್ನ ಪಾಲಿಗೆ ಬಂದಿತ್ತು. ಅದಕ್ಕಾಗಿ ಹಿರೇಹಳ್ಳಿಯಲ್ಲಿ ಶೆಡ್ ಇಟ್ಟುಕೊಂಡು ಗಾಡಿಗಳನ್ನು ಬಾಡಿಗೆಗೆ ಬಿಡುವವರೊಬ್ಬರಿಂದ ಹದಿನಾಲ್ಕು ಅಡಿಯ ಲಾರಿ ಗೊತ್ತುಮಾಡಿದ್ದೆ. ಡೀಸೆಲ್ ನಮ್ಮದು. ಹೊರಡುವ ಮುಂಚೆ ಟ್ಯಾಂಕ್ ಬಾಯಿಮಟ್ಟ ತುಂಬಿಸಿಕೊಳ್ಳಬೇಕು. ಸಾಮಾನು ಇಳಿಸಿದ ಮೇಲೆ ಮತ್ತೆ ಬಾಯಿಮಟ್ಟ ತುಂಬಿಸಿ ಕೊಡಬೇಕು. ಎರಡನೇ ಸಲ ಎಷ್ಟು ಲೀಟರ್ ಹಿಡಿಯುತ್ತದೋ ದಾರಿಯಲ್ಲಿ ಅಷ್ಟು ಖರ್ಚಾಗಿದೆ ಎಂದರ್ಥ.

ಹಿಂದಿನ ದಿನ ಮಾಲೀಕರು ಫೋನಿನಲ್ಲಿ ಇನ್ನೊಂದು ಮಾತು ಹೇಳಿದ್ದರು.

"ಮೇಡಂ, ಒಂದ್ ಹೆಲ್ಪ್ ಮಾಡ್ಬೇಕು. ನಾಳೆ ಬರೋ ಡ್ರೈವರ್ ಹತ್ರ ಎರಡ್ ಟ್ರಿಪ್ ಮೈಲೇಜ್ ಕಮ್ಮಿ ಬಂದೈತೆ. ಆ ಗಾಡಿ ಲೋಡ್ ಇದ್ರೂ ಲೀಟರ್‌ಗೆ ಎಂಟ್ ಕಿಲೋಮೀಟರ್ ಕೊಡ್ತದೆ. ಕೊಡ್ಲಿಲ್ಲ ಅಂದ್ರೆ ಡೀಸೆಲ್ ಎಲ್ಲೋ ಇಳೀತಾ ಐತೆ ಅಂತಾನೇ ಲೆಕ್ಕ. ನೀವ್ ಓದಿದೋರು, ಕರೆಕ್ಟಾಗ್ ನೋಡಿ ಟ್ರಿಪ್ ಶೀಟಲ್ಲಿ ಬರ್ಕೊಡಿ. ಈ ಸಲಾನೂ ಹಂಗೇ ಆದ್ರೆ ಅವನ್ನ ಗಾಡಿಯಿಂದ ಇಳಿಸ್‌ಬಿಡ್ತೀನಿ."

ಆ ಮಾತು ಕೇಳಿದ ಮೇಲೆ, ನಾನಿನ್ನೂ ಮುಖವನ್ನೇ ನೋಡಿರದ ಆ ಮನುಷ್ಯ ನನ್ನ ಮನಸ್ಸಿನಲ್ಲಿ ಆಗಲೇ ಕಳ್ಳನಾಗಿಬಿಟ್ಟಿದ್ದ.

ನಮ್ಮ ಕಾರಿನ ಮೈಲೇಜನ್ನು ನಾನು ವರ್ಷಗಳಿಂದ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಬಂದಿದ್ದೇನೆ. ಕಾನ್ವೆಂಟಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಸಿಸ್ಟರ್ ಹಚ್ಚಿದ ಅಭ್ಯಾಸ ಅದು. ಕಣ್ಣು ಕಂಡದ್ದನ್ನು ಕೈ ಆಗಲೇ ಬರೆಯಬೇಕು, ಸಂಜೆ ನೆನೆಸಿಕೊಂಡು ಬರೆದದ್ದು ಕಥೆಯಾಗುತ್ತದೆ ಎಂದು ಅವರು ಹೇಳುತ್ತಿದ್ದರು. ಆ ದಿನಕ್ಕೆಂದು ಹೊಸ ಪುಟದಲ್ಲಿ ಗೆರೆ ಎಳೆದೆ: ಸಮಯ, ಸ್ಥಳ, ಮೀಟರ್, ಡೀಸೆಲ್, ಷರಾ. ಆ ಪುಟ ಇವತ್ತಿಗೂ ನನ್ನ ಬಳಿ ಇದೆ. ನೀಲಿ ಶಾಯಿಯ ಅಂಕಿಗಳ ನಡುವೆ ಒಂದನ್ನು ಮಾತ್ರ ಹೊಡೆದುಹಾಕಿ, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬೇರೆ ಬರೆದಿದ್ದೇನೆ. ಅದು ಅಂದು ಸಂಜೆಯ ತಿದ್ದುಪಡಿ.

ಲಾರಿ ಆರೂಕಾಲಿಗೆ ಬಂತು. ಚಾಲಕರು ನಲವತ್ತರ ಆಚೀಚಿನವರು, ಹುತ್ರಿದುರ್ಗದ ಕಡೆಯವರು. ಜೊತೆಗೆ ಇಬ್ಬರು ಹಮಾಲಿಗಳು. ಚಾಲಕರ ಹೆಗಲ ಮೇಲಿದ್ದ ಟವೆಲಿನಿಂದ ಡೀಸೆಲ್ ವಾಸನೆ ಬರುತ್ತಿತ್ತು. ಅದನ್ನು ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ. ಬಂಕಿಗೆ ನಾನೂ ಬರುತ್ತೇನೆ ಎಂದಾಗ ಅವರು ಒಂದು ಕ್ಷಣ ನನ್ನನ್ನು ನೋಡಿ, "ಹತ್ತಿ ಮೇಡಂ, ಮೆಟ್ಲು ಎತ್ತರ ಐತೆ, ನಿಧಾನ" ಎಂದರು. ಹತ್ತುವಾಗ ಸೀಟಿನ ಹಿಂದೆ ಗೋಣಿಚೀಲ ಮುಚ್ಚಿದ ಹಸಿರು ಕ್ಯಾನು, ಅದರ ಮೇಲೆ ಸುತ್ತಿಟ್ಟ ಪಾರದರ್ಶಕ ಪೈಪು ಕಂಡವು.

"ಇದೇನು ಪೈಪು?"

"ಲೆವೆಲ್ ಪೈಪು ಮೇಡಂ. ನಮ್ಮಣ್ಣ ಗಾರೆ ಕೆಲ್ಸ ಮಾಡ್ತಾನೆ. ಇಲ್ಲೇ ಬುಟ್ಟೋಗವ್ನೆ."

ಗಾರೆಯವರು ಮಟ್ಟ ನೋಡಲು ನೀರು ತುಂಬಿದ ಪೈಪು ಬಳಸುವುದು ನನಗೂ ಗೊತ್ತು. ಆದರೆ ಅದರ ತುದಿಯನ್ನು ಟ್ಯಾಂಕಿಗೆ ಇಳಿಬಿಟ್ಟು ಬಾಯಿಂದ ಎಳೆದರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು.

ಬಂಕಿನಲ್ಲಿ ಪಂಪು ಟಕ್ಕೆಂದು ತಾನೇ ನಿಂತಿತು. ಡೀಸೆಲ್ ನೊರೆ ಎದ್ದರೆ ಟ್ಯಾಂಕ್ ತುಂಬುವ ಮುಂಚೆಯೇ ಹಾಗೆ ನಿಲ್ಲುತ್ತದೆ. ನೊರೆ ಇಳಿಯಲು ಎರಡು ನಿಮಿಷ ಕಾದು, ಮತ್ತೆ ನಿಧಾನವಾಗಿ ಹಾಕಿಸಿ, ಎಣ್ಣೆ ಬಾಯಿಯ ಅಂಚಿನಲ್ಲಿ ಹೊಳೆಯುವುದನ್ನು ಕಂಡ ಮೇಲೆಯೇ ಸಾಕೆಂದೆ. ಬಂಕಿನವನು ಚಾಲಕರಿಗೆ, "ಏನ್ಲಾ, ಇವತ್ತು ಇನ್‌ಸ್ಪೆಕ್ಟರ್ನೇ ಕೂರಿಸ್ಕೊಂಡ್ ಬಂದಿದೀಯ?" ಎಂದ. ಚಾಲಕರು ನಗಲಿಲ್ಲ. ಮೀಟರಿನ ದೀಪ ಕೆಟ್ಟಿತ್ತು. ಮೊಬೈಲ್ ಬೆಳಕಿನಲ್ಲಿ ಓದಿ ಬರೆದುಕೊಂಡೆ. ಕೊನೆಯ ಮೂರು ಅಂಕಿ ನಾಲ್ಕು, ಒಂದು, ಆರು.

ಮನೆಗೆ ವಾಪಸಾದಾಗ ಅತ್ತೆ ನಿಂಬೆಹಣ್ಣು ಹಿಡಿದು ಗೇಟಿನಲ್ಲೇ ನಿಂತಿದ್ದರು.

"ಏಳೂವರೆಗೆ ರಾಹುಕಾಲ ಹಿಡೀತದೆ. ಅಷ್ಟ್ರೊಳಗೆ ಗಾಡಿ ಹೊರಟ್‌ಬಿಡ್ಬೇಕು."

"ಅತ್ತೆ, ಇನ್ನೂ ಒಂದು ಪೆಟ್ಟಿಗೆನೂ ಏರಿಸಿಲ್ಲ."

"ಏರ್ಸೋದು ಆಮೇಲ್ ಏರಿಸ್ಕೊಳಿ. ಚಕ್ರ ಉರುಳಿದ್ರೆ ಹೊರಟಂಗೇ. ನಿಮ್ಮಾವನ ಕಾಲದಿಂದ ಹಂಗೇ ಮಾಡಿರೋದು."

ನಮ್ಮ ಮನೆಯ ಪದ್ಧತಿ ಅದು. ಸಾಮಾನಿರಲಿ ಬಿಡಲಿ, ರಾಹುಕಾಲಕ್ಕೆ ಮುಂಚೆ ಗಾಡಿ ನಿಂಬೆಹಣ್ಣು ತುಳಿದು ನಾಲ್ಕು ಹೆಜ್ಜೆ ಮುಂದೆ ಹೋದರೆ ಪ್ರಯಾಣ ಶುರುವಾಯಿತೆಂದೇ ಲೆಕ್ಕ. ಆಮೇಲೆ ರಾಹುಕಾಲ ಮುಗಿಯುವವರೆಗೆ ಎಂಜಿನ್ ಆರಿಸಬಾರದು, ಆರಿಸಿದರೆ ರಾಹುಕಾಲದಲ್ಲೇ ಮತ್ತೆ ಚಾಲೂ ಮಾಡಿದಂತಾಗುತ್ತದೆ. ಚಾಲಕರು ತಕರಾರು ತೆಗೆಯಲಿಲ್ಲ. "ಆಯ್ತು ಕಣವ್ವ, ನೀವ್ ಹೆಂಗ್ ಹೇಳ್ತೀರೋ ಹಂಗೆ" ಎಂದು ಅತ್ತೆ ಕೊಟ್ಟ ಎಲೆಯಡಿಕೆಯನ್ನು ಕಣ್ಣಿಗೊತ್ತಿಕೊಂಡರು. ಏಳು ಹತ್ತಕ್ಕೆ ಲಾರಿ ನಿಂಬೆಹಣ್ಣು ತುಳಿದು ಆರಡಿ ಮುಂದೆ ಹೋಗಿ ನಿಂತಿತು. ನಾನು ಪುಟದಲ್ಲಿ "ಹೊರಟ ಸಮಯ 7.10" ಎಂದು ಬರೆದೆ. ಷರಾ ಕಾಲಂನಲ್ಲಿ ರಾಹುಕಾಲದ ವಿಷಯ ಬರೆಯಲು ಪೆನ್ನು ಊರಿದವಳು ಹಾಗೇ ಬಿಟ್ಟೆ. ನನ್ನನ್ನು ಓದಿದವರು ಎಂದಿದ್ದ ಮಾಲೀಕರು ಈ ಪುಟ ನೋಡಬಹುದಲ್ಲ ಎಂಬ ಸಂಕೋಚ.

ಅತ್ತೆ ಲಾರಿಯ ಹಣೆಗೆ, ಚಕ್ರಕ್ಕೆ ಕುಂಕುಮವಿಟ್ಟು ತಟ್ಟೆಯನ್ನು ನನ್ನ ಕೈಗೆ ಕೊಟ್ಟರು. ಯಾರೂ ನೋಡದಾಗ ನಾನು ಟ್ಯಾಂಕಿನ ಮುಚ್ಚಳಕ್ಕೂ ಅದರ ಅಂಚಿಗೂ ಸೇರಿಸಿ ಒಂದು ಗೆರೆ ಕುಂಕುಮ ಎಳೆದೆ. ಮುಚ್ಚಳ ತಿರುಗಿಸಿದರೆ ಗೆರೆ ಮುರಿಯಬೇಕು. ದೇವರ ಕುಂಕುಮದಿಂದ ಸೀಲು ಹಾಕಿದ್ದಕ್ಕೆ ಆಗ ನನಗೆ ನಾಚಿಕೆಯಾಗಲಿಲ್ಲ.

ಸಾಮಾನು ಏರಿಸುವುದು ಎಣಿಸಿದ್ದಕ್ಕಿಂತ ತಡವಾಯಿತು. ಬೀರು ಬಾಗಿಲಲ್ಲಿ ಸಿಕ್ಕಿಕೊಂಡು, ಅದರ ಕಾಲು ಬಿಚ್ಚಬೇಕಾಯಿತು. ಪಕ್ಕದ ಮನೆಯಿಂದ ಉಪ್ಪಿಟ್ಟಿನ ಡಬ್ಬಿ ಬಂತು. ಸ್ವಲ್ಪ ಹೊತ್ತಿಗೆ ಆಕೆಯ ಅಡುಗೆಮನೆ ಕಿಟಕಿ ಪಟಾರನೆ ಮುಚ್ಚಿಕೊಂಡಿತು. ನಾವು ಹೋಗುವುದನ್ನು ನೋಡಲಾರದೆ ಮುಚ್ಚಿದರೆಂದುಕೊಂಡೆ. ಗೇಟು ದಾಟಿದಾಗ ಒಂಬತ್ತು ಇಪ್ಪತ್ತು. ಚಾಲಕರು ಗೇರ್ ಹಾಕಿದರು, ನಾನೂ ಅತ್ತೆಯೂ ಕ್ಯಾಬಿನ್ನಿನಲ್ಲಿ, ಅತ್ತೆಯ ಮಡಿಲಲ್ಲಿ ದೇವರ ದೀಪ ಮತ್ತು ಹಾಲುಕ್ಕಿಸುವ ಪಾತ್ರೆ.

ದಾರಿಯುದ್ದಕ್ಕೂ ನನ್ನ ಕಣ್ಣು ಚಾಲಕರ ಕಾಲಿನ ಮೇಲಿತ್ತು. ಆಕ್ಸಿಲರೇಟರನ್ನು ಅವರು ಮೆಲ್ಲಗೆ ಒತ್ತುತ್ತಿದ್ದರು. ಹಂಪು ದೂರದಲ್ಲೇ ಕಂಡರೆ ಕಾಲೆತ್ತಿ, ಬ್ರೇಕ್ ಮುಟ್ಟದೆ ಗಾಡಿಯನ್ನು ತಾನಾಗಿ ನಿಧಾನಕ್ಕೆ ಬಿಡುತ್ತಿದ್ದರು. ಐವತ್ತು ದಾಟಿಸಲಿಲ್ಲ. ಡೀಸೆಲ್ ಉಳಿಸುವವರು ಓಡಿಸುವುದೇ ಹಾಗೆ. ನಾನು ಅದನ್ನೂ ಅನುಮಾನದಿಂದಲೇ ಓದಿದೆ: ಹೀಗೆ ಉಳಿಸಿದ್ದನ್ನು ಆಮೇಲೆ ಇಳಿಸಿಕೊಳ್ಳಬಹುದಲ್ಲ!

ಗುಬ್ಬಿಯಲ್ಲಿ ಒರಳುಕಲ್ಲು ಏರಿಸಲು ನಾಲ್ಕು ಜನ ಬೇಕಾಯಿತು. ಹಗ್ಗ ಬಿಗಿಯುವ ಹೊತ್ತಿಗೆ ನೋಡಿದರೆ ಚಾಲಕರಿಲ್ಲ. ಕ್ಯಾಬಿನ್ ಹತ್ತಿ ನೋಡಿದೆ. ಸೀಟಿನ ಹಿಂದಿನ ಕ್ಯಾನೂ ಇಲ್ಲ. ಇಪ್ಪತ್ತು ನಿಮಿಷದ ಮೇಲೆ ಒದ್ದೆ ಕ್ಯಾನು ಹಿಡಿದು ಬಂದರು.

"ಎಲ್ಲಿಗೆ ಹೋಗಿದ್ರಿ?"

"ರೇಡಿಯೇಟರ್‌ಗೆ ನೀರ್ ತರೋಕೆ. ಇಲ್ಲಿ ನಲ್ಲೀಲಿ ಬರ್ತಿರ್ಲಿಲ್ಲ, ಆಚೆ ಬೀದಿಗೆ ಹೋಗಿದ್ದೆ."

"ಕ್ಯಾನ್ ಡೀಸೆಲ್ ವಾಸನೆ ಬರ್ತಿದೆಯಲ್ಲ?"

ಅವರು ಮೊದಲ ಸಲ ನಕ್ಕರು. "ಡೀಸೆಲ್ ಗಾಡೀಲಿ ಇನ್ನೇನ್ ಮೇಡಂ, ಮಲ್ಲಿಗೆ ವಾಸ್ನೆ ಬರ್ತದಾ?"

ಹಗ್ಗ ಹಿಡಿದಿದ್ದ ಹಮಾಲಿಗಳೂ ನಕ್ಕರು. ನನಗೆ ಕೆನ್ನೆ ಬಿಸಿಯಾಯಿತು. ಟ್ಯಾಂಕಿನ ಹತ್ತಿರ ಹೋಗಿ, ಸೆರಗು ಸರಿಮಾಡಿಕೊಳ್ಳುವವಳಂತೆ ಬಗ್ಗಿ ನೋಡಿದೆ. ಕುಂಕುಮದ ಗೆರೆ ಹಾಗೇ ಇತ್ತು.

ಬಂದ ದಾರಿಯಲ್ಲೇ ತುಮಕೂರಿಗೆ ಮರಳಿ ಕುಣಿಗಲ್ ರಸ್ತೆ ಹಿಡಿದೆವು. ಹೆಬ್ಬೂರಿನಲ್ಲಿ ಊಟಕ್ಕೆ ನಿಲ್ಲಿಸಿದಾಗ ಚಾಲಕರು ಲಾರಿಯನ್ನು ಹೋಟೆಲಿನ ಮುಂದೆ ಬಿಡದೆ, ಪಕ್ಕದ ಹುಣಸೆಮರದ ನೆರಳಿಗೆ ಒಯ್ದರು. ನಾನು ಕೂತಲ್ಲಿಂದ ಅದು ಕಾಣುತ್ತಿರಲಿಲ್ಲ. ಮೊಸರನ್ನ ಅರ್ಧಕ್ಕೇ ಬಿಟ್ಟು ಎದ್ದೆ.

"ಎಲ್ಲಿಗ್ ಹೊರಟ್ಯೇ?" ಎಂದರು ಅತ್ತೆ.

"ಕೈ ತೊಳೆಯೋಕೆ."

"ತಿನ್ನೋಕ್ ಮುಂಚೇನೇ ತೊಳ್ದಾಯ್ತಲ್ಲ!"

ಹೋಗಿ ನೋಡಿದರೆ ಲಾರಿಯ ಅಡಿಯಿಂದ ಚಾಲಕರ ಕಾಲು ಮಾತ್ರ ಹೊರಗೆ ಕಾಣುತ್ತಿತ್ತು. ನನ್ನ ಚಪ್ಪಲಿ ಸದ್ದಿಗೆ ಹೊರಗೆ ಸರಿದು ಬಂದರು. ಮೊಣಕೈವರೆಗೆ ಗ್ರೀಸು.

"ಸ್ಟೆಪ್ನಿ ಚೈನು ಲೂಸ್ ಆಗಿತ್ತು ಮೇಡಂ. ಬೆಳಗ್ಗೆಯಿಂದ ಟಣಟಣ ಅಂತಿರ್ಲಿಲ್ವ?"

ಟಣಟಣ ಎನ್ನುತ್ತಿದ್ದುದು ನಿಜ. ಆದರೆ ಟ್ಯಾಂಕಿನ ಮುಚ್ಚಳ ನೋಡಿದೆ: ಕುಂಕುಮ ಹರಡಿಹೋಗಿತ್ತು. ಗೆರೆಯೇ ಇರಲಿಲ್ಲ, ಒಂದು ಕೆಂಪು ಉಜ್ಜು ಮಾತ್ರ. ತಿರುಗಿಸಿದ್ದೋ, ಯಾರದೋ ತೋಳು ತಗುಲಿದ್ದೋ ಗೊತ್ತಾಗುವಂತಿರಲಿಲ್ಲ. ಪುಟ ತೆಗೆದು ಷರಾದಲ್ಲಿ "1.20, ಹೆಬ್ಬೂರು, ಗುರುತು ಅಳಿಸಿದೆ" ಎಂದು ಬರೆದೆ. ಆ ಸಾಲು ಬರೆಯಲು ನನಗೆ ಸಂಕೋಚವೇನೂ ಆಗಲಿಲ್ಲ.

ಕುಣಿಗಲ್ಲಿನ ಮನೆಗೆ ಎಲ್ಲ ಇಳಿದಾಗ ನಾಲ್ಕೂಕಾಲು. ಅತ್ತೆಯನ್ನು ಅಲ್ಲೇ ಬಿಟ್ಟು, ನಾನೂ ಚಾಲಕರೂ ಬಂಕಿಗೆ ಹೋದೆವು. ಮೀಟರಿನ ಕೊನೆಯ ಮೂರು ಅಂಕಿ ಸರಿಯಾಗಿ ಐನೂರು ತೋರಿಸುತ್ತಿತ್ತು. ಎಂಬತ್ತನಾಲ್ಕು ಕಿಲೋಮೀಟರ್. ಎಂಟರಂತೆ ಹತ್ತೂವರೆ ಲೀಟರ್ ಹಿಡಿಯಬೇಕು. ಹತ್ತು ದಾಟಿತು. ಹನ್ನೊಂದು ದಾಟಿತು. ಚಾಲಕರು ಟವೆಲನ್ನು ಕೈಯಿಂದ ಕೈಗೆ ಬದಲಿಸುತ್ತಾ ನಿಂತಿದ್ದರು. ಪಂಪು ನಿಂತಾಗ ಹನ್ನೆರಡು ಪಾಯಿಂಟ್ ಏಳು.

ಗಾಡಿ ಒಂದು ಕಡೆ ವಾಲಿ ನಿಂತಿದ್ದರೆ ಬಾಯಿಮಟ್ಟ ತಪ್ಪಾಗಿ ಕಾಣಬಹುದು. ಅವರಿಗೆ ಅನ್ಯಾಯವಾಗಬಾರದೆಂದು ಸಮತಟ್ಟಾದ ಜಾಗಕ್ಕೆ ತರಿಸಿ, ನೊರೆ ಇಳಿಯುವವರೆಗೆ ಕಾದೆ. ಆಮೇಲೆ ಇನ್ನೂ ನಾಲ್ಕು ಪಾಯಿಂಟ್ ಹಿಡಿಯಿತು. ಒಟ್ಟು ಹದಿಮೂರು ಪಾಯಿಂಟ್ ಒಂದು. ಲೀಟರಿಗೆ ಆರು ಪಾಯಿಂಟ್ ನಾಲ್ಕು ಕಿಲೋಮೀಟರ್. ಎರಡೂವರೆ ಲೀಟರಿಗಿಂತ ಹೆಚ್ಚು ಡೀಸೆಲ್ ಎಲ್ಲಿ ಹೋಯಿತೆಂಬುದಕ್ಕೆ ಪುಟದಲ್ಲಿ ಉತ್ತರವಿರಲಿಲ್ಲ.

ಹೊಸ ಮನೆಯ ಜಗಲಿಯಲ್ಲಿ ಕೂತು ಟ್ರಿಪ್ ಶೀಟ್ ತೆಗೆದೆ. ಅದರ ಕೊನೆಯಲ್ಲಿ ಚಾಲಕರ ಬಗ್ಗೆ ಅಭಿಪ್ರಾಯ ಬರೆಯಲು ಎರಡು ಸಾಲು ಜಾಗವಿತ್ತು. ಅವರು ಕೆಳಗಿನ ಮೆಟ್ಟಿಲಲ್ಲಿ ನಿಂತಿದ್ದರು.

"ಎಷ್ಟ್ ಬಂತು ಮೇಡಂ?"

"ಆರೂವರೆನೂ ಇಲ್ಲ."

ಅವರ ಮುಖ ಇಳಿಯಿತು. "ಈ ಸಲ ನಾನು ಮೊಟ್ಟೆ ಮೇಲೆ ನಡ್ದಂಗೆ ಓಡ್ಸಿದೀನಿ. ನೀವೇ ಪಕ್ಕದಲ್ ಕುಂತಿದ್ರಲ್ಲ."

"ಓಡಿಸಿದ್ದು ನೋಡ್ದೆ. ಡೀಸೆಲ್ ಹೋಗಿದ್ದು ಮಾತ್ರ ಎಲ್ಲಿಗೆ ಅಂತ ಗೊತ್ತಾಗ್ತಿಲ್ಲ. ನೀವೇ ಹೇಳಿ."

"ಮೇಡಂ, ಬೆಳಗ್ಗೆ..." ಎಂದು ಶುರುಮಾಡಿದರು.

ಅಷ್ಟರಲ್ಲಿ ಅತ್ತೆ ಒಳಗಿಂದ ಬಂದರು, ಕೈಯಲ್ಲಿ ತೊಳೆದ ಹಾಲಿನ ಪಾತ್ರೆ. "ಏನಪ್ಪಾ, ಹೊರಟ್‌ಬಿಟ್ಯಾ? ಇರು, ಗೋಧೂಳಿಗೆ ಹಾಲುಕ್ಕಿಸ್ತೀವಿ, ಒಂದ್ ಲೋಟ ಕುಡ್ಕೊಂಡೋಗು. ಒಳ್ಳೇ ಘಳಿಗೇಲಿ ಹೊರಡಿಸ್ದೆ ನೋಡು, ದಾರೀಲಿ ಒಂದ್ ಪಂಚರ್ ಕೂಡಾ ಆಗ್ಲಿಲ್ಲ."

ಚಾಲಕರು ಅತ್ತೆಯ ಮುಖ ನೋಡಿದರು, ಪಾತ್ರೆ ನೋಡಿದರು. ಆಮೇಲೆ ನನ್ನತ್ತ ತಿರುಗಿ, "ಹೋಗ್ಲಿ ಬುಡಿ ಮೇಡಂ. ನಿಮ್ಗೇನ್ ಕಂಡ್ತೋ ಬರೀರಿ" ಎಂದರು.

ಮಾತು ನುಂಗಿಕೊಂಡಿದ್ದು ನನಗೆ ಒಪ್ಪಿಕೊಂಡಂತೆಯೇ ಕಂಡಿತು. ಆದರೂ ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದೆ. "ಅನುಮಾನವಿದೆ" ಎಂದು ಬರೆದರೆ ಅವರ ಕೆಲಸ ಹೋಗುತ್ತದೆ. "ಚೆನ್ನಾಗಿ ಓಡಿಸಿದರು" ಎಂದು ಬರೆದರೆ ಪುಟದ ಅಂಕಿಗಳಿಗೆ ಮೋಸ. ಕೊನೆಗೆ ಅಭಿಪ್ರಾಯದ ಜಾಗ ಖಾಲಿ ಬಿಟ್ಟು ಅಂಕಿಗಳನ್ನಷ್ಟೇ ಬರೆಯಲು ನಿರ್ಧರಿಸಿದೆ: ಹೊರಟದ್ದು 7.10, ಸೇರಿದ್ದು 2.30, ಕಿಲೋಮೀಟರ್ 84, ಡೀಸೆಲ್ 13.1, ಮೈಲೇಜ್ 6.4. ಅಂಕಿ ಯಾರನ್ನೂ ದೂರುವುದಿಲ್ಲ ಎಂದು ಸಮಾಧಾನ ಹೇಳಿಕೊಂಡು ಸಹಿ ಹಾಕಿದೆ. ಹೀಗೆ ಬರೆದರೂ ಅವರನ್ನು ಗಾಡಿಯಿಂದ ಇಳಿಸುತ್ತಾರೆಂಬುದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅವರು ಹಾಳೆಯನ್ನು ಓದದೆ ನಾಲ್ಕಾಗಿ ಮಡಿಸಿ ಅಂಗಿ ಜೇಬಿಗಿಟ್ಟುಕೊಂಡರು. ಹಾಲಿಗೆ ಕಾಯಲಿಲ್ಲ. ಹೊರಡುವ ಮುಂಚೆ, ನಾನು ಮರೆತಿದ್ದ ಬೀರುವಿನ ಕಾಲನ್ನು ಮಾತ್ರ ತಾವೇ ತಿರುಗಿಸಿ ಕೂರಿಸಿಕೊಟ್ಟರು.

ಹಾಳೆಯ ಕಾರ್ಬನ್ ಪ್ರತಿ ನನ್ನ ಬಳಿ ಉಳಿಯಿತು. ಅದರ ಅಡಿಯಲ್ಲಿ ಮಾಲೀಕರ ಫೋನ್ ನಂಬರಿತ್ತು. ಲಾರಿ ಹಿರೇಹಳ್ಳಿಯ ಶೆಡ್ ಸೇರಲು ಇನ್ನೂ ಒಂದು ಗಂಟೆಯ ಮೇಲೇ ಬೇಕಿತ್ತು.

ಹಾಲು ಉಕ್ಕಿತು. ಅತ್ತೆ ಕೈಮುಗಿದರು. ನಾನು ಮೂರು ಲೋಟ ಹುಡುಕಿದರೆ ಎರಡೇ ಸಿಕ್ಕವು. ಅದೇ ಹೊತ್ತಿಗೆ ತುಮಕೂರಿನ ಪಕ್ಕದ ಮನೆಯಾಕೆಯ ಫೋನು.

"ಸೇರಿದ್ರಾ? ನಿಮ್ದೊಂದು ಲೋಟ ಸಿಂಕ್ ಪಕ್ಕದಲ್ಲೇ ಕೂತಿತ್ತು ಕಣ್ರೀ, ಮನೆ ಓನರ್ ತಂದ್ಕೊಟ್ರು, ನನ್ ಹತ್ರ ಇದೆ."

"ಇಟ್ಕೊಂಡಿರಿ. ಬೆಳಗ್ಗೆ ನೀವು ಕಿಟಕಿ ಹಾಕ್ಕೊಂಡಿದ್ದು ನೋಡಿ ನನಗೆ ತುಂಬಾ ಬೇಜಾರಾಯ್ತು. ಹೊರಡೋವಾಗ ನಿಮ್ ಮುಖಾನೂ ನೋಡೋಕಾಗ್ಲಿಲ್ಲ."

ಅವರು ಜೋರಾಗಿ ನಕ್ಕರು.

"ಅಯ್ಯೋ, ಬೇಜಾರ್‌ಗಲ್ಲ ಕಣ್ರೀ ಹಾಕ್ಕೊಂಡಿದ್ದು, ಹೊಗೆಗೆ! ಏಳ್ ಗಂಟೆಯಿಂದ ಒಂಬತ್ತೂಕಾಲ್‌ವರ್ಗೂ ನಿಮ್ ಲಾರಿ ನಿಂತಲ್ಲೇ ಗುರ್ ಅಂತಿತ್ತಲ್ಲ, ನಮ್ ಉಪ್ಪಿಟ್ಟೂ ಡೀಸೆಲ್ ವಾಸ್ನೆ ಹೊಡೀತಿತ್ತು. ಅಷ್ಟೊತ್ತು ಸುಮ್ನೆ ಉರ್ಸಿದ್ ಡೀಸೆಲ್‌ನಲ್ಲಿ ಗಾಡಿ ಕುಣಿಗಲ್‌ಗೆ ಅರ್ಧ ದಾರಿ ಬಂದ್‌ಬಿಟ್ಟಿರೋದು!"